ಗುಮ್ಮಳಾಪುರದ ಚಿರತೆ, ಸಾವಂದಿಯ ವೀರಭದ್ರ: ಒಂದು ಭೀಕರ ಕಥೆಯಲ್ಲಿ ಭಕ್ತಿ, ನಿಸರ್ಗ ಮತ್ತು ಕೇಡಿನ ವಿಚಾರ

ಭಯವು ಮಾನವನ ಆದಿಮ ಭಾವಗಳಲ್ಲೊಂದು. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಎಣಿಸಿದ ಎಂಟು ರಸಗಳ ಪೈಕಿ ಭಯಾನಕವೂ ಒಂದು. ಭಯವೇ ಅದರ ಸ್ಥಾಯಿಭಾವ. ಆದರೆ ಈ ಭಾವವನ್ನು ವಿವರಿಸುವಲ್ಲಿ ಅದು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಲ್ಲತಕ್ಕುದೆಂದು ಭರತನು ಹೇಳಿರುವುದು ಗಮನಾರ್ಹ. ಉತ್ತಮಪ್ರಕೃತಿಗೆ ಉತ್ಸಾಹವೂ ಅಧಮಪ್ರಕೃತಿಗೆ ಭಯವೂ ಸಹಜವೆಂಬ ಈ ವಿಭಾಗವು ಶತಮಾನಗಳ ಕಾಲ ನಮ್ಮ ಕಾವ್ಯಮೀಮಾಂಸೆಯಲ್ಲಿ ಪ್ರಶ್ನೆಗೆ ಒಳಗಾಗದೆ ನಡೆದುಬಂದಿತು. ಭಯವು ಮನುಷ್ಯನ ಪ್ರಕೃತಿಯಲ್ಲಿದೆಯೋ ಅಥವಾ ಅವನು ಬಾಳುವ ಸ್ಥಿತಿಯಲ್ಲಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ತಗುಲಿಕೊಂಡೇ ಇನ್ನೊಂದು ಪ್ರಶ್ನೆಯಿದೆ. ಭಯಗೊಂಡವನು ತನ್ನ ಭಯದ ಕಾರಣಕ್ಕೆ ‘ಪಿಶಾಚಿ’ ಎಂದೋ ‘ಸಾವು’ ಎಂದೋ ಹೆಸರಿಡುತ್ತಾನೆ. ಹಾಗೆ ಹೆಸರಿಟ್ಟ ಮಾತ್ರಕ್ಕೆ ಕೇಡು ಅಲ್ಲಿಯೇ ನೆಲೆಸಿದೆಯೆಂದು ಒಪ್ಪಬೇಕೆ?

ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ನಮ್ಮ ನಾಡಿನ ಅಂಚಿನಲ್ಲಿ ನಡೆದು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟ ಒಂದು ಭೀಕರ ಕಥೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕಥೆ ಕೆನೆತ್ ಆಂಡರ್ಸನ್ ಬರೆದ ಗುಮ್ಮಳಾಪುರದ ಚಿರತೆಯದು. ಶರಣಸಾಹಿತ್ಯದ ಅಭ್ಯಾಸಿಗಳಿಗೆ ಗುಮ್ಮಳಾಪುರವೆಂಬ ಹೆಸರು ಬೇರೊಂದು ಕಾರಣದಿಂದ ಚಿರಪರಿಚಿತ. ಆ ಸಂಬಂಧವೇ ಈ ಬರಹಕ್ಕೆ ಪ್ರೇರಣೆ.

ಸೀಮೆಯ ಸ್ವರೂಪ

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ಊರುಗಳ ಸೀಮೆಯು ಬಂಡೆಯ ನಾಡು. ಉತ್ತರದಲ್ಲಿ ಸಾವನದುರ್ಗದ ಏಕಶಿಲೆ ಸಮುದ್ರಮಟ್ಟದಿಂದ ಸುಮಾರು 1,226 ಮೀಟರು ಎತ್ತರಕ್ಕೆ ಎದ್ದುನಿಂತಿದೆ. ನಡುವೆ ರಾಮನಗರದ ಸುತ್ತ ರಾಮದೇವರ ಬೆಟ್ಟವೇ ಮೊದಲಾದ ಗುಡ್ಡಗಳು ಹರಡಿವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ರಾಮನಗರ ಕನಕಪುರಗಳನ್ನು ಹಾದು, ಸಂಗಮವೆಂದೇ ಹೆಸರಾದ ಸ್ಥಳದಲ್ಲಿ ಕಾವೇರಿಯನ್ನು ಕೂಡುತ್ತದೆ. ಕನಕಪುರದ ದಕ್ಷಿಣ ಪೂರ್ವಗಳಲ್ಲಿರುವ ಕಾಡು ಅಲ್ಲಿಗೇ ನಿಲ್ಲದೆ ಆನೇಕಲ್ಲು, ತಳಿ, ಜವಳಗಿರಿ, ಅಂಚೆಟ್ಟಿಗಳವರೆಗೆ ಹಬ್ಬಿದೆ. ರಾಜ್ಯಗಳ ಗಡಿರೇಖೆ ಕಾಡಿಗೆ ತಿಳಿಯದು. ಅಲ್ಲಿ ತಿರುಗುವ ಮೃಗಗಳಿಗೂ ತಿಳಿಯದು.

ಚರಿತ್ರೆಯಲ್ಲಿಯೂ ಈ ಭಾಗಗಳು ಪರಸ್ಪರ ದೂರವಾಗಿರಲಿಲ್ಲ. ಹದಿನಾರನೆಯ ಶತಮಾನದ ಕೊನೆಯಲ್ಲಿ ಚನ್ನಪಟ್ಟಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿದ್ದ ಜಗದೇವರಾಯನ ಅಧಿಕಾರವು ಬಾರಾಮಹಲಿನ ಮೇಲೂ ನಡೆಯುತ್ತಿತ್ತು. ಆ ಕಾರಣದಿಂದ, ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿರುವ ಹೊಸೂರು, ತಳಿಯ ಸೀಮೆಯ ಕನ್ನಡ ಹಳ್ಳಿಗಳನ್ನು ಕನಕಪುರ, ಚನ್ನಪಟ್ಟಣಗಳ ನೆರೆಯೆಂದು ಎಣಿಸುವುದರಲ್ಲಿ ತಪ್ಪಿಲ್ಲ. ಗುಮ್ಮಳಾಪುರವು ಈ ಹಳ್ಳಿಗಳಲ್ಲೊಂದು.

ಸಾವಂದಿಯಿಂದ ಸಾವಿನ ದುರ್ಗಕ್ಕೆ

ಚಿರತೆಯ ಕಥೆಗೆ ಹೋಗುವ ಮುನ್ನ ಒಂದು ಹೆಸರಿನ ಕಥೆಯನ್ನು ನೋಡುವುದು ಉಪಯುಕ್ತ. ಭಯವು ಹೆಸರನ್ನು ಹೇಗೆ ಹುಟ್ಟಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಸೀಮೆಯಲ್ಲಿ ದೊರೆಯಲಾರದು.

ಸಾವನದುರ್ಗದ ಅತಿ ಪ್ರಾಚೀನ ಉಲ್ಲೇಖವು ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳಿನ ಶಾಸನದಲ್ಲಿದೆ. ಅಲ್ಲಿ ಬೆಟ್ಟದ ಹೆಸರು ‘ಸಾವಂದಿ’. ಮುಂದೆ ಮಾಗಡಿಯ ಕೆಂಪೇಗೌಡರ ವಂಶದವರಿಗೆ ಇದು ಬಲವಾದ ನೆಲೆಯಾಯಿತು. 1728ರಲ್ಲಿ ಮೈಸೂರಿನ ಸೇನೆ ಮಾಗಡಿಯನ್ನು ಗೆದ್ದ ಮೇಲೆ ದುರ್ಗವೂ ಮೈಸೂರಿಗೆ ಸೇರಿತು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ ಇದಕ್ಕೆ ಮುತ್ತಿಗೆ ಹಾಕಿ 1791ರ ಡಿಸೆಂಬರ್ 21ರಂದು ವಶಪಡಿಸಿಕೊಂಡಿತು. ಅಂದು ಬೆಟ್ಟದ ಸುತ್ತ ದಟ್ಟವಾದ ಬಿದಿರು ಮೆಳೆಗಳಿದ್ದವು, ಕಾಡುಜ್ವರದ ಹಾವಳಿಯಿತ್ತು. ಮುತ್ತಿಗೆ ಹಾಕಿದ ಪರದೇಶಿ ಸೈನ್ಯದಲ್ಲಿ ಅರ್ಧ ರೋಗದಿಂದಲೂ ಉಳಿದರ್ಧ ಕಾಳಗದಲ್ಲಿಯೂ ಸಾಯುವುದೆಂದು ಟಿಪ್ಪು ಸುಲ್ತಾನನು ನಂಬಿದ್ದನೆಂದು ಆ ಕಾಲದ ಆಂಗ್ಲ ವೃತ್ತಾಂತಗಳು ಹೇಳುತ್ತವೆ. ಸೇನೆಯೊಡನಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರು ದೃಶ್ಯಗಳ ಸಂಪುಟದಲ್ಲಿ ಈ ಬೆಟ್ಟವನ್ನು ‘ಸಾವಿನ ದುರ್ಗ’ವೆಂದು, ಅಂದರೆ ಮೃತ್ಯುವಿನ ಕೋಟೆಯೆಂದು ಅರ್ಥೈಸಿದನು.

ಸಾವಂದಿ ಎಂಬ ಸ್ಥಳನಾಮವು ಕನ್ನಡದ ‘ಸಾವು’ ಎಂಬ ಶಬ್ದಕ್ಕೆ ಧ್ವನಿಯಲ್ಲಿ ಹತ್ತಿರವಾಗಿದ್ದುದು ಈ ಅರ್ಥಕ್ಕೆ ಆಸ್ಪದವಾಯಿತು. ಆದರೆ ಧ್ವನಿಸಾಮ್ಯವೊಂದೇ ಸಾಲದು. ಹೊರಗಿನಿಂದ ಬಂದವನಿಗೆ ಕಡಿದಾದ ಬಂಡೆ, ದಾರಿ ಕಾಣದ ಮೆಳೆ, ಕಾರಣ ತಿಳಿಯದ ಜ್ವರ ಇವೆಲ್ಲವೂ ಸೇರಿ ಒಂದೇ ಮುಖವಾಗಿ ತೋರಿದವು. ಅವನು ಆ ಮುಖಕ್ಕೆ ಮೃತ್ಯುವೆಂದು ಹೆಸರಿಟ್ಟನು. ಜ್ವರವನ್ನು ಹರಡುತ್ತಿದ್ದುದು ಸೊಳ್ಳೆಯೆಂಬುದು ತಿಳಿಯಲು ಆಮೇಲೆ ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. ಮಲೇರಿಯವನ್ನು ಕುರಿತ ರೊನಾಲ್ಡ್ ರಾಸನ ಸಂಶೋಧನೆ ನಮ್ಮ ದೇಶದಲ್ಲಿಯೇ, 1897ರಲ್ಲಿ, ಸಿಕಂದರಾಬಾದಿನಲ್ಲಿ ನಡೆಯಿತು. ಬೆಟ್ಟದ ಮೇಲೆ ಹೊರಿಸಿದ ಆರೋಪವು ಅಂದಿಗೆ ನಿಜವಾದ ಕಾರಣದ ಕಡೆಗೆ ಸರಿಯಿತು. ಹೆಸರಿನ ನೆರಳು ಮಾತ್ರ ಉಳಿಯಿತು.

ಬೆಟ್ಟದ ಬುಡದ ದೇವರು

ಇದೇ ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿಯಿದೆ. ಭಕ್ತರು ಈ ದೇವರನ್ನು ಇಂದಿಗೂ ‘ಸಾವಂದಿ ವೀರಭದ್ರ’ನೆಂದೇ ಕರೆಯುತ್ತಾರೆ. 1340ರ ಶಾಸನದ ಹೆಸರು ದೇವರ ಹೆಸರಿನಲ್ಲಿ ಕೆಡದೆ ಉಳಿದುಬಂದಿರುವುದು ಇತಿಹಾಸಕಾರನಿಗೆ ಸಂತೋಷ ತರುವ ಸಂಗತಿ. ಸೈನಿಕನ ನಾಲಗೆಯಲ್ಲಿ ಸಾವಾಗಿ ತಿರುಗಿದ ಶಬ್ದವು ಭಕ್ತನ ನಾಲಗೆಯಲ್ಲಿ ತನ್ನ ಮೂಲಸ್ವರೂಪವನ್ನು ಉಳಿಸಿಕೊಂಡಿದೆ.

ಹಾಗಾದರೆ ಭಕ್ತನಿಗೆ ಇಲ್ಲಿ ಭಯವೇ ಇರಲಿಲ್ಲವೆಂದು ಹೇಳಬಹುದೆ? ಹಾಗಲ್ಲ. ವೀರಭದ್ರನು ಸೌಮ್ಯದೈವವಲ್ಲ. ಸಮೀಪದಲ್ಲಿಯೇ ಇರುವ ನರಸಿಂಹನೂ ಉಗ್ರಸ್ವರೂಪಿ. ಈ ಬಂಡೆಯ ಬುಡದಲ್ಲಿ ಜನರು ಪ್ರತಿಷ್ಠಿಸಿಕೊಂಡವರು ಭೀಕರಮೂರ್ತಿಗಳನ್ನೇ. ದಕ್ಷಯಜ್ಞದ ವೃತ್ತಾಂತವನ್ನು ರಾಘವಾಂಕನು ‘ವೀರೇಶ ಚರಿತೆ’ಯಲ್ಲಿ ಉದ್ದಂಡ ಷಟ್ಪದಿಯಲ್ಲಿ ಹಾಡಿದ್ದಾನೆ. ವೀರಗಾಸೆಯ ಕುಣಿತದವರು ಕೈಯಲ್ಲಿ ಕತ್ತಿ ಹಿಡಿದು ಒಡಪುಗಳನ್ನು ಹೇಳುತ್ತ ಅದನ್ನೇ ಜನರ ಮುಂದೆ ನಡೆಸಿಕೊಡುತ್ತಾರೆ. ಸತಿಯ ದೇಹತ್ಯಾಗ, ಶಿವನ ಜಟೆಯಿಂದ ವೀರಭದ್ರನ ಉದ್ಭವ, ಯಜ್ಞಶಾಲೆಯ ಧ್ವಂಸ, ದಕ್ಷನ ಶಿರಚ್ಛೇದ ಈ ಘಟನೆಗಳ ಸಾಲು ಯಾವ ಭೀಕರ ಕಥೆಗೂ ಕಡಿಮೆಯಿಲ್ಲ.

ಆದರೆ ಈ ಕಥೆಯ ಮುಕ್ತಾಯವನ್ನು ಗಮನಿಸಬೇಕು. ದಕ್ಷನು ನಾಶವಾಗುವುದಿಲ್ಲ. ಟಗರಿನ ತಲೆಯನ್ನು ಪಡೆದು ಅವನು ಮತ್ತೆ ಏಳುತ್ತಾನೆ. ವೀರಭದ್ರನ ಶಿಲ್ಪಗಳಲ್ಲಿ ದೇವರ ಪಕ್ಕದಲ್ಲಿಯೇ ಕೈಮುಗಿದು ನಿಲ್ಲುತ್ತಾನೆ. ಕತ್ತರಿಸಲ್ಪಟ್ಟದ್ದು ಅವನ ಅಹಂಕಾರ. ಪ್ರಾಣವು ಹಿಂದಕ್ಕೆ ಬಂದಿತು. ಯಜ್ಞಶಾಲೆಯಲ್ಲಿದ್ದ ಕೇಡು ಯಾವುದೋ ಕಾಡಿನಿಂದ ಬಂದ ಪಿಶಾಚಿಯದಾಗಿರಲಿಲ್ಲ. ವಿದ್ಯೆ, ಅಧಿಕಾರ, ಸಂಪತ್ತುಗಳಿಂದ ಕೂಡಿದ ಗೃಹಸ್ಥನೊಬ್ಬನು ತನ್ನ ಮಗಳನ್ನು ಅವಮಾನಿಸಿದುದೇ ಅಲ್ಲಿಯ ಕೇಡು. ಭೀಕರರಸವನ್ನು ಬಳಸಿಯೂ ಪುರಾಣವು ಕೇಡನ್ನು ಎಲ್ಲಿ ಹುಡುಕಬೇಕೆಂಬುದನ್ನು ಸರಿಯಾಗಿ ತೋರಿಸಿಕೊಟ್ಟಿದೆ. ಈ ಅಳತೆಗೋಲನ್ನು ಹಿಡಿದು ಈಗ ಗುಮ್ಮಳಾಪುರದ ಕಥೆಗೆ ಬರಬಹುದು.

ಗುಮ್ಮಳಾಪುರದ ಕಥೆ

ಕೆನೆತ್ ಆಂಡರ್ಸನ್ (1910–1974) ಬೆಂಗಳೂರಿನಲ್ಲಿ ಬಾಳಿದ ಬೇಟೆಗಾರ ಹಾಗೂ ಲೇಖಕ. ಅವರ ಮೊದಲ ಕಥಾಸಂಕಲನ ಲಂಡನ್ನಿನಲ್ಲಿ ಪ್ರಕಟವಾದುದು 1954ರಲ್ಲಿ. ಗುಮ್ಮಳಾಪುರದ ಚಿರತೆಯ ಕಥೆ ಅದರಲ್ಲಿಯೇ ಇದೆ; ಶೀರ್ಷಿಕೆಯಲ್ಲಿ ಚಿರತೆಯನ್ನು ಚುಕ್ಕೆಯುಳ್ಳ ಪಿಶಾಚಿಯೆಂದು ಕರೆಯಲಾಗಿದೆ. 1957ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಕನಕಪುರ ತಾಲ್ಲೂಕಿನ ಸಂಗಮದ ಚಿರತೆಯ ಕಥೆಯಿದೆ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಹಲವು ಅನುಭವಗಳನ್ನು ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಆ ಮಾಲೆಯ ಒಂದು ಸಂಪುಟದ ಹೆಸರಿನಲ್ಲಿಯೇ ಮಾಗಡಿಯ ಚಿರತೆಯಿದೆ. ಹೀಗೆ ಈ ಸೀಮೆಯ ಕಾಡು ಕನ್ನಡ ಓದುಗರಿಗೆ ಸಾಹಸಕಥೆಗಳ ನೆಲೆಯಾಗಿ ಪರಿಚಯವಾಗಿದೆ.

ಗುಮ್ಮಳಾಪುರದ ಕಥೆಯ ಸಾರವನ್ನು ಸಂಗ್ರಹವಾಗಿ ಹೇಳಬಹುದು. ಒಂದು ನರಭಕ್ಷಕ ಚಿರತೆ ಸುಮಾರು 250 ಚದರ ಮೈಲಿಗಳ ಪ್ರದೇಶವನ್ನು ತನ್ನ ಅಂಕೆಯಲ್ಲಿಟ್ಟುಕೊಂಡಿತ್ತು. ಅದಕ್ಕೆ ಬಲಿಯಾದವರು ನಲವತ್ತೆರಡು ಮಂದಿ. ಸಂಜೆಯಾಗುವ ಮುನ್ನವೇ ಹಳ್ಳಿಗಳ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಬಹಿರ್ದೆಸೆಗೂ ಯಾರೂ ಹೊರಗೆ ಬರುತ್ತಿರಲಿಲ್ಲ. ಅದರಿಂದ ಊರಿನ ಶುಚಿತ್ವ ಕೆಟ್ಟಿತು. ಬಾಗಿಲು ಮುಚ್ಚಿದಾಗ ಚಿರತೆ ಗುಡಿಸಲುಗಳ ಹುಲ್ಲುಚಾವಣಿಯನ್ನು ಕಿತ್ತು ಒಳಗೆ ಇಳಿಯುವುದನ್ನು ಕಲಿಯಿತು. ಒಂದು ಮನೆಯಲ್ಲಿ, ಹಿಡಿದವರನ್ನು ಹೊರಕ್ಕೆ ಒಯ್ಯಲಾಗದೆ, ಗಂಡ ಹೆಂಡತಿ ಇಬ್ಬರು ಮಕ್ಕಳನ್ನೂ ಕೊಂದುಹಾಕಿತು. ಇದರ ಕುಟಿಲತೆ ಮನುಷ್ಯಬುದ್ಧಿಯನ್ನೂ ಮೀರಿದುದೆಂಬ ಮಾತು ಎಲ್ಲೆಡೆ ಹಬ್ಬಿತು.

ಲೇಖಕರ ಮೊದಲ ಪ್ರಯತ್ನ ಕೈಗೂಡಲಿಲ್ಲ. ಕಡೆಗೆ ಅವರಿಗೆ ನೆರವಾದುದು ಹಳ್ಳಿಯ ಒಂದು ಬೀದಿನಾಯಿ. ತಾವು ತಿನ್ನುತ್ತಿದ್ದ ಬಿಸ್ಕತ್ತನ್ನು ಅದಕ್ಕೂ ಹಾಕಿದ್ದರು. ಅದು ಅವರ ಬಳಿಯಲ್ಲಿಯೇ ಮಲಗಿತು. ಕತ್ತಲೆಯಲ್ಲಿ ಮನುಷ್ಯನ ಕಿವಿಗೆ ಏನೂ ಕೇಳಿಸದಿದ್ದಾಗ ನಾಯಿಯ ಗುರುಗುಟ್ಟುವಿಕೆ ಅವರನ್ನು ಎಚ್ಚರಿಸಿತು. ಚಿರತೆ ಗುಂಡಿಗೆ ಸಿಕ್ಕಿತು. ಬೆಳಗಾದ ಮೇಲೆ ಮೃಗದ ದೇಹವನ್ನು ಪರೀಕ್ಷಿಸಿದಾಗ ಅದರ ಮುಂಗಾಲಿನ ಬೆರಳುಗಳ ನಡುವೆ ಮುಳ್ಳುಹಂದಿಯ ಮುಳ್ಳುಗಳು ಮುರಿದು ಸೇರಿಕೊಂಡಿದ್ದವು. ಆ ಭಾಗ ಕೆಟ್ಟು ಗಟ್ಟಿಯಾಗಿತ್ತು. ಕಾಡಿನ ಪ್ರಾಣಿಗಳನ್ನು ಬೆನ್ನಟ್ಟಲಾಗದೆ ಅದು ಮನುಷ್ಯನನ್ನು ಹಿಡಿಯತೊಡಗಿದುದಕ್ಕೆ ಈ ಗಾಯವೇ ಕಾರಣವೆಂದು ಲೇಖಕರು ತೀರ್ಮಾನಿಸಿದರು. ಆ ನಾಯಿ ಮುಂದೆ ಅವರ ಮನೆಯ ನಾಯಿಯಾಯಿತು.

ಪಿಶಾಚಿಯೋ, ಮುಳ್ಳೋ?

ಈ ಕಥೆಯ ಶೀರ್ಷಿಕೆಗೂ ಮುಕ್ತಾಯಕ್ಕೂ ನಡುವೆ ಇರುವ ಅಂತರವೇ ವಿಮರ್ಶಕನ ಗಮನವನ್ನು ಸೆಳೆಯಬೇಕಾದ ಅಂಶ. ಪಿಶಾಚಿಯೆಂದು ಆರಂಭವಾದ ಕಥೆ ಮುಳ್ಳಿನಲ್ಲಿ ಕೊನೆಗೊಳ್ಳುತ್ತದೆ. ರಾತ್ರಿಯೆಲ್ಲ ಕೇಡಿನ ಸ್ವರೂಪವಾಗಿ ಕಂಡುದು ಬೆಳಗಿನಲ್ಲಿ ನೊಂದ ಪ್ರಾಣಿಯಾಗಿ ಕಾಣುತ್ತದೆ. ಲೇಖಕರು ಇದನ್ನು ತತ್ತ್ವವಾಗಿ ವಿಸ್ತರಿಸುವ ಗೋಜಿಗೆ ಹೋಗಿಲ್ಲ. ಸಂಗತಿಯನ್ನು ಹೇಳಿ ಮುಗಿಸಿದ್ದಾರೆ. ಅದು ಕಥೆಯ ಪ್ರಾಮಾಣಿಕತೆಗೆ ಸಾಕ್ಷಿ. ಭೀತಿಯನ್ನು ಮಾರುವುದಷ್ಟೇ ಉದ್ದೇಶವಾಗಿದ್ದರೆ ಆ ಮುಳ್ಳುಗಳ ಪ್ರಸ್ತಾಪವನ್ನೇ ಬಿಟ್ಟುಬಿಡಬಹುದಾಗಿತ್ತು.

ಆದರೆ ಇಷ್ಟಕ್ಕೇ ನಿಂತು, ಮೃಗವು ನಿರಪರಾಧಿಯೆಂದು ಸಮಾಧಾನಪಟ್ಟುಕೊಂಡರೆ ಅದೂ ಅರ್ಧಸತ್ಯವೇ ಆದೀತು. ಗಾಯವು ಚಿರತೆಯ ನಡತೆಯನ್ನು ವಿವರಿಸುತ್ತದೆ. ಸತ್ತ ಮಕ್ಕಳ ತಾಯಿಯ ದುಃಖವನ್ನು ಅದು ಕಡಿಮೆ ಮಾಡಲಾರದು. ನಲವತ್ತೆರಡು ಜೀವಗಳೆಂಬುದು ಬರಿಯ ಲೆಕ್ಕವಲ್ಲ. ಅಂತಹ ಊರಿನಲ್ಲಿ ರಾತ್ರಿ ಕಳೆದವರು ಆ ಮೃಗವನ್ನು ಪಿಶಾಚಿಯೆಂದು ಕರೆದರೆ ಅವರನ್ನು ಮೂಢರೆಂದು ಹೀಗಳೆಯುವ ಅಧಿಕಾರ ಹೆಂಚಿನ ಮನೆಯಲ್ಲಿ ಮಲಗುವವನಿಗೆ ಇಲ್ಲ.

ಇಲ್ಲಿಯೇ ಭರತನ ವಿಭಾಗವು ಕುಸಿಯುತ್ತದೆ. ಗುಮ್ಮಳಾಪುರದಲ್ಲಿ ಭಯವು ಯಾರನ್ನು ಹಿಡಿಯಿತು? ಹುಲ್ಲುಚಾವಣಿಯ ಕೆಳಗೆ ಮಲಗಿದವರನ್ನು, ಗಟ್ಟಿಯಾದ ಕದವಿಲ್ಲದವರನ್ನು, ಮನೆಯಲ್ಲಿ ಬಚ್ಚಲಿಲ್ಲದೆ ಕತ್ತಲೆಯಲ್ಲಿ ಹೊರಗೆ ಹೋಗಬೇಕಾದ ಹೆಂಗಸರನ್ನು, ಹೊಟ್ಟೆಪಾಡಿಗಾಗಿ ಕಾಡಂಚಿನಲ್ಲಿ ದನ ಕಾಯುವವರನ್ನು. ಇವರು ಹೆದರಿದುದು ನೀಚಪ್ರಕೃತಿಯಿಂದಲ್ಲ. ಅವರ ಗೋಡೆ ತೆಳುವಾಗಿತ್ತು. ಅದೇ ಇರುಳಿನಲ್ಲಿ ಲೇಖಕರು ಧೀರರಾಗಿ ಕುಳಿತಿದ್ದರೆ ಅದಕ್ಕೆ ಅವರ ಎದೆಗಾರಿಕೆಯ ಜೊತೆಗೆ ಕೈಯಲ್ಲಿದ್ದ ಕೋವಿಯೂ ಕಾರಣ. ಅವರೇ ತಮಗಾದ ಭಯವನ್ನು ಮುಚ್ಚಿಟ್ಟಿಲ್ಲವೆಂಬುದನ್ನೂ ಹೇಳಬೇಕು. ಉತ್ತಮ, ಅಧಮ ಎಂಬ ಪ್ರಕೃತಿಭೇದವಾಗಿ ಶಾಸ್ತ್ರಕ್ಕೆ ಕಂಡುದು, ಲೋಕದಲ್ಲಿ ಕದವಿದ್ದವನಿಗೂ ಇಲ್ಲದವನಿಗೂ ಇರುವ ಭೇದ.

ಆದಕಾರಣ ಈ ಕಥೆಯಲ್ಲಿ ಕೇಡೆಂಬುದು ಎಲ್ಲಿದೆಯೆಂದು ಕೇಳಿದರೆ, ಮೃಗದಲ್ಲಿರುವುದು ನೋವು ಹಾಗೂ ಹಸಿವು, ಕಾಡಿನಲ್ಲಿರುವುದು ತನ್ನದೇ ಆದ ನಿಯಮ ಎಂದು ಉತ್ತರಿಸಬೇಕು. ಕೆಲವರ ಬದುಕನ್ನು ಇಷ್ಟು ತೆಳುವಾದ ಗೋಡೆಗಳ ನಡುವೆ ಬಿಟ್ಟು, ಆಮೇಲೆ ಅವರ ಭಯವನ್ನು ಅವರ ಹುಟ್ಟುಗುಣವೆಂದು ಎಣಿಸಿದ ಮನುಷ್ಯರ ವ್ಯವಸ್ಥೆಯಲ್ಲಿಯೇ ಕೇಡಿನ ಬಹುಪಾಲು ಇದೆ. ದಕ್ಷನ ಯಜ್ಞಶಾಲೆಯಂತೆ ಇಲ್ಲಿಯೂ ಅದು ಮನುಷ್ಯರ ಮನೆಯೊಳಗಣ ಸಂಗತಿ.

ಶೂನ್ಯಸಂಪಾದನೆಯ ಊರು

ಇನ್ನು ಗುಮ್ಮಳಾಪುರದ ಮತ್ತೊಂದು ಹೆಸರುವಾಸಿಗೆ ಬರೋಣ. ಪ್ರಭುದೇವರ ಚರಿತ್ರೆಯನ್ನು ಶರಣರ ಸಂವಾದಗಳ ರೂಪದಲ್ಲಿ ಜೋಡಿಸಿದ ಶೂನ್ಯಸಂಪಾದನೆಯು ಒಬ್ಬರ ಕೈಯಿಂದ ಆದುದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಮೊದಲುಗೊಂಡು ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಹಲವರು ಅದನ್ನು ಪರಿಷ್ಕರಿಸಿದರು. ಆ ಸಂಪಾದನಕಾರರಲ್ಲಿ ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಒಬ್ಬರು. ಇಂಗ್ಲಿಷ್ ಓದುಗರಿಗೆ ಪಿಶಾಚಿಯ ಊರೆಂದು ತಿಳಿದ ಹಳ್ಳಿಯು ಕನ್ನಡ ಸಾಹಿತ್ಯಕ್ಕೆ ಅನುಭಾವಗ್ರಂಥದ ಊರು.

ಈ ಕಾಕತಾಳೀಯವನ್ನು ಅತಿಯಾಗಿ ಹಿಗ್ಗಿಸುವುದು ಸಾಧುವಲ್ಲ. ಆದರೂ ಶೂನ್ಯಸಂಪಾದನೆಯ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುವುದು ಸಹಜ. ಗೋರಕ್ಷನು ತನ್ನ ದೇಹ ವಜ್ರಸಮಾನವೆಂದು ಹೆಮ್ಮೆಪಡುತ್ತಾನೆ. ಖಡ್ಗದ ಪೆಟ್ಟಿಗೆ ಅದು ಖಣಿಲೆಂದು ದನಿಗೊಡುತ್ತದೆ. ಅದೇ ಖಡ್ಗವನ್ನು ಪ್ರಭುದೇವರ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಹಾದಂತೆ ಹಾದುಹೋಗುತ್ತದೆ. ದೇಹವನ್ನು ಕಲ್ಲಾಗಿಸಿಕೊಳ್ಳುವುದು ಭಯವನ್ನು ಜಯಿಸಿದಂತಲ್ಲ, ಭಯಕ್ಕೆ ಕೋಟೆ ಕಟ್ಟಿದಂತೆ ಎಂಬುದು ಈ ಪ್ರಸಂಗದ ತಾತ್ಪರ್ಯ. ಶರಣರು ಹೇಳಿದ ನಿರ್ಭಯತೆ ಬಂಡೆಯ ಗಟ್ಟಿತನದಿಂದ ಬರುವುದಲ್ಲ. ಹೊಡೆತ ತಾಗಲು ‘ನಾನು’ ಎಂಬುದು ಉಳಿಯದಿರುವುದರಿಂದ ಬರುವುದು.

ಭಯದಿಂದ ಹುಟ್ಟಿ, ಬಲಿ ಹರಕೆಗಳನ್ನು ಬೇಡುವ ಕ್ಷುದ್ರದೈವಗಳನ್ನು ಬಸವಣ್ಣನವರು ಒಪ್ಪಲಿಲ್ಲವೆಂಬುದು ಸರ್ವವಿದಿತ. ಅಂಜಿಕೆಯಿಂದ ಮಾಡಿದ ಪೂಜೆಯು ಅಂಜಿಕೆಯನ್ನೇ ಬೆಳೆಸುತ್ತದೆ. ಭಕ್ತಿಗೆ ಮೂಲ ಪ್ರೀತಿ, ಅದರ ಹರವು ಸಕಲಜೀವರನ್ನೂ ಒಳಗೊಳ್ಳುವ ದಯೆ. ಇದಕ್ಕೆ ಜೀವಂತ ನಿದರ್ಶನ ಅಕ್ಕಮಹಾದೇವಿಯವರು. ಸ್ತ್ರೀಗೆ ಭಯವೇ ಸ್ವಭಾವವೆಂದ ಶಾಸ್ತ್ರಕ್ಕೆ ಅವರ ಬಾಳೇ ಉತ್ತರ. ಒಬ್ಬಂಟಿಯಾಗಿ ಅಡವಿಯನ್ನು ಹೊಕ್ಕು, ಅಲ್ಲಿಯ ಹಕ್ಕಿಪಕ್ಷಿಗಳನ್ನು ಒಡಹುಟ್ಟಿದವರಂತೆ ಮಾತನಾಡಿಸಿ, ತಮ್ಮ ಚೆನ್ನನ ಸುಳಿವನ್ನು ಕೇಳಿದವರು ಅವರು. ಅವರಿಗೆ ಎದುರಾದ ಕಿರುಕುಳವೆಲ್ಲ ಅರಮನೆಯಿಂದ ಬಂದುದು, ಅಡವಿಯಿಂದ ಬಂದುದಲ್ಲ.

ಆಂಡರ್ಸನ್ನರ ಪ್ರಾಣ ಉಳಿಸಿದ ಬೀದಿನಾಯಿಯೂ ಶರಣಪರಂಪರೆಯ ಓದುಗನಿಗೆ ಅಪರಿಚಿತವಲ್ಲ. ವೇದದ ಹೆಮ್ಮೆಯಿಂದ ಬೀಗಿದವರ ಮುಂದೆ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆ ನಮ್ಮಲ್ಲಿದೆ. ಹಳ್ಳಿಯು ಕಲ್ಲೆಸೆದು ಓಡಿಸುವ ಪ್ರಾಣಿಗೆ ಒಂದು ತುತ್ತು ಸಿಕ್ಕಿತು. ಆ ತುತ್ತಿನ ಋಣ ಒಂದು ಊರಿನ ಭಯವನ್ನು ಕಳೆಯಿತು. ದಯೆಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಹುಲಿಯನ್ನೇರಿದ ಮಾದಪ್ಪ

ಈ ಕಾಡಿನಲ್ಲಿ ಬಾಳಿದ ಜನಸಾಮಾನ್ಯರು ಕ್ರೂರಮೃಗವನ್ನು ಪಿಶಾಚಿಯೆಂದು ಮಾತ್ರವೇ ಕಂಡರೆ? ಹಾಗೇನೂ ಇಲ್ಲ. ಕಾವೇರಿಯ ಆಚೆಯ ದಡದ ಬೆಟ್ಟಗಳಲ್ಲಿ ನೆಲೆನಿಂತ ಮಲೆಯ ಮಾದೇಶ್ವರನು ಹುಲಿವಾಹನ. ದೇವರಗುಡ್ಡರು ಕಂಸಾಳೆಯನ್ನು ಹಿಡಿದು ಹಾಡುವ ಅವನ ಕಾವ್ಯದಲ್ಲಿ ಶ್ರವಣನೆಂಬ ದುಷ್ಟದೊರೆಯ ಸಂಹಾರವುಂಟು. ಆ ಮಹಾಕಾವ್ಯದಲ್ಲಿ ಕೇಡು ದೊರೆಯ ಸಿಂಹಾಸನದಲ್ಲಿದೆ. ಹುಲಿಯು ದೇವರ ಸೇವೆಯಲ್ಲಿದೆ. ಬೆಟ್ಟದ ಬೇಡಗಂಪಣರೂ ಸಾಲೂರು ಮಠದವರೂ ಈ ಪರಂಪರೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಶಿವರಾತ್ರಿಯ ಕಾಲಕ್ಕೆ ರಾಮನಗರ, ಕನಕಪುರಗಳ ಕಡೆಯ ಭಕ್ತರು ಕಾಲ್ನಡಿಗೆಯಲ್ಲಿ ಹೊರಟು, ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡಿನೊಳಗಿಂದ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ. ಆಂಡರ್ಸನ್ನರು ಭಯದ ಕಥೆಯನ್ನು ಬರೆದ ಸಂಗಮವೇ ಈ ಯಾತ್ರಿಕರಿಗೆ ಪುಣ್ಯದ ದಾರಿ.

ಈ ಯಾತ್ರಿಕರಿಗೆ ಕಾಡಿನ ಅಪಾಯ ತಿಳಿಯದೆಂದಲ್ಲ. ತಿಳಿದೇ ಅವರು ಗುಂಪಾಗಿ ಹೋಗುತ್ತಾರೆ. ನಂಬಿಕೆಯು ಅಪಾಯವನ್ನು ಇಲ್ಲವೆನ್ನುವುದಿಲ್ಲ. ಅಪಾಯವಿರುವ ಜಗತ್ತನ್ನು ಹಗೆಯೆಂದು ತಿಳಿಯದಿರುವ ಶಕ್ತಿಯನ್ನು ಕೊಡುತ್ತದೆ. ಭಯಕ್ಕೂ ಭಕ್ತಿಗೂ ಇರುವ ವ್ಯತ್ಯಾಸ ಇದೇ. ಭಯಗೊಂಡವನು ಹುಲಿಯನ್ನು ನೋಡಿ ಕಣ್ಣು ಮುಚ್ಚಿಕೊಂಡು ಹೆಸರಿಡುತ್ತಾನೆ. ಭಕ್ತನು ಕಣ್ಣು ತೆರೆದುಕೊಂಡೇ ಅದಕ್ಕೊಂದು ಸ್ಥಾನ ಕೊಡುತ್ತಾನೆ.

ಇಂದಿನ ಕರ್ತವ್ಯ

ಈ ವಿಚಾರ ಗ್ರಂಥಕ್ಕೆ ಸೀಮಿತವಾದುದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕೋವಿ ಹಿಡಿದು ಕಾಡು ಹೊಗುವ ಕಾಲ ಮುಗಿಯಿತು. ಸಂಗಮದ ಸುತ್ತಣ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. ಆದರೂ ಮಾಗಡಿ, ರಾಮನಗರ, ಕನಕಪುರದ ಹಳ್ಳಿಗಳಲ್ಲಿ ಚಿರತೆ ಕಾಣಿಸಿಕೊಂಡಿತೆಂಬ ಸುದ್ದಿ ನಿಂತಿಲ್ಲ. ಒಂದು ಕಡೆ ಕಲ್ಲುಗಣಿಗಾರಿಕೆಯು ಗುಡ್ಡಗಳನ್ನು ಕರಗಿಸಿದೆ. ಇನ್ನೊಂದು ಕಡೆ ತೋಟ ಬಡಾವಣೆಗಳು ಕಾಡಂಚಿಗೆ ಬಂದಿವೆ. ಚಿರತೆ ಊರಿಗೆ ಬಂದಿತೆಂದು ನಾವು ಹೇಳುವಾಗ ಊರು ಚಿರತೆಯ ಬಳಿಗೆ ಹೋದುದನ್ನು ಮರೆಯುತ್ತೇವೆ.

ರಾಮದೇವರ ಬೆಟ್ಟದ ರಣಹದ್ದುಗಳ ಕಥೆ ಇದಕ್ಕೆ ಪೂರಕವಾಗಿದೆ. ಹೆಣ ತಿನ್ನುವ ಈ ಹಕ್ಕಿಯನ್ನು ಜನ ಅಪಶಕುನವೆಂದು ಬಗೆದರು; ರಾಮಾಯಣವಾದರೋ ಅದೇ ಕುಲದ ಜಟಾಯುವನ್ನು ಧರ್ಮಕ್ಕಾಗಿ ಪ್ರಾಣ ಕೊಟ್ಟವನೆಂದು ಹೊಗಳಿತು. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಅಳಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಔಷಧವು ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು 2004ರಲ್ಲಿ ತಿಳಿಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟವು ರಣಹದ್ದುಗಳ ಧಾಮವೆಂದು ಘೋಷಿತವಾಯಿತು. 1975ರ ‘ಶೋಲೆ’ ಚಲನಚಿತ್ರದ ಮೂಲಕ ಈ ಬಂಡೆಗಳನ್ನು ದರೋಡೆಕೋರನ ಬೀಡೆಂದು ದೇಶವೆಲ್ಲ ನೋಡಿತ್ತು. ಅವೇ ಬಂಡೆಗಳ ಸಂದಿನಲ್ಲಿ ಅಳಿವಿನಂಚಿನ ಹಕ್ಕಿ ಗೂಡು ಕಟ್ಟಿತ್ತೆಂಬುದನ್ನು ನೋಡಿದವರು ಕೆಲವರೇ. ಸಾವಿನ ದೂತನೆಂದು ಕರೆಸಿಕೊಂಡ ಹಕ್ಕಿ ಸತ್ತದ್ದು ಮನುಷ್ಯನ ಕೈಯ ಔಷಧದಿಂದ.

ಸಾವನದುರ್ಗದ ಜ್ವರದಲ್ಲಿ ಸೊಳ್ಳೆ, ಗುಮ್ಮಳಾಪುರದ ಚಿರತೆಯಲ್ಲಿ ಮುಳ್ಳು, ರಾಮದೇವರ ಬೆಟ್ಟದ ಹಕ್ಕಿಯಲ್ಲಿ ಔಷಧ: ಮೂರು ಕಡೆಗಳಲ್ಲಿಯೂ ಭಯವು ಒಂದು ಮುಖವನ್ನು ತೋರಿಸಿತು, ತಾಳ್ಮೆಯ ಪರೀಕ್ಷೆ ಬೇರೊಂದನ್ನು ತೋರಿಸಿತು. ನಿಜವನ್ನು ಕಾಣುವ ತನಕ ನೋಡುವ ಈ ತಾಳ್ಮೆಯೂ ಭಕ್ತಿಯ ಒಂದು ಅಂಗವೆಂದು ತಿಳಿಯಬೇಕು. ಭೀಕರ ಕಥೆಗಳನ್ನು ಓದುವುದು ದೋಷವಲ್ಲ. ಓದಿದ ವಿದ್ಯಾರ್ಥಿಯು ಕಥೆಯಲ್ಲಿ ಪಿಶಾಚಿಯೆಂದು ಕರೆಸಿಕೊಂಡವರು ಯಾರು, ಹಾಗೆ ಕರೆದವರು ಯಾರು, ಯಾರ ಮನೆಯ ಚಾವಣಿ ಹುಲ್ಲಿನದು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಅಷ್ಟರಿಂದಲೇ ಓದು ಸಾರ್ಥಕ.

ಸಾವಂದಿಯ ಬುಡದಲ್ಲಿ ವೀರಭದ್ರನ ಪಕ್ಕದಲ್ಲಿ ಕುರಿದಲೆಯ ದಕ್ಷನು ಇಂದಿಗೂ ಕೈಮುಗಿದು ನಿಂತಿದ್ದಾನೆ. ಬೆಟ್ಟಕ್ಕೆ ಹೋದ ಭಕ್ತರು ದೇವರಿಗೆ ನಮಸ್ಕರಿಸುವಾಗ ಅವನ ಕಡೆಗೂ ಒಮ್ಮೆ ನೋಡಲಿ. ಕೇಡಿನ ಗುರುತು ಅಲ್ಲಿದೆ. ಅದಕ್ಕೆ ದೊರೆತ ಕ್ಷಮೆಯ ಗುರುತೂ ಅಲ್ಲಿಯೇ ಇದೆ.